ಎಳೆಯ ಬೆನ್ನುಹುರಿಯ ನೆನಪು

ಬೊಮ್ಮನಹಾಳ್ ಸೀಮೆಯ ಕೆಲವು ಹಿರಿಯರ ಹೊಟ್ಟೆಯ ಮೇಲೆ, ಹೊಕ್ಕುಳಿನ ಆಸುಪಾಸಿನಲ್ಲಿ, ಮಾಸಿದ ಸಣ್ಣ ಕಲೆಗಳಿರುತ್ತವೆ. ಹಸುಗೂಸಾಗಿದ್ದಾಗ ಕಾದ ಕಬ್ಬಿಣದಿಂದಲೋ ಬಳೆಯ ಚೂರಿನಿಂದಲೋ ಹಾಕಿದ ಬರೆಗಳು ಅವು. ಕಾಮಾಲೆಯಾಗಲಿ, ಹೊಟ್ಟೆಯುಬ್ಬರವಾಗಲಿ, ಸೆಳವಾಗಲಿ, ಬರೆಯೇ ಮದ್ದೆಂದು ನಂಬಿದ್ದ ಕಾಲದ ಗುರುತುಗಳು. ಆ ಕಾಲ ಪೂರ್ತಿಯಾಗಿ ಮುಗಿದಿದೆ ಎನ್ನುವಂತಿಲ್ಲ. ನೋವಾಗಲಿಲ್ಲವೇ ಎಂದು ಕೇಳಿದರೆ ಅವರು ನಗುತ್ತಾರೆ, ನೆನಪಿದ್ದರೆ ತಾನೆ!

ಆ ನಗುವಿನ ಹಿಂದೆ ಒಂದು ವಾದವಿದೆ. ಮಗುವಿಗೆ ನೆನಪಿರುವುದಿಲ್ಲ, ನೆನಪಿಲ್ಲದ ನೋವು ನೋವಲ್ಲ. ಹಗರಿಯ ಮರಳು ಹೊಲಕ್ಕೆ ನುಗ್ಗುವ ಹಳ್ಳಿಯೊಂದರ ಮನೆಯಲ್ಲಿ ಈ ವಾದ ಮತ್ತೊಮ್ಮೆ ಮಂಡನೆಯಾಯಿತು. ಹುಟ್ಟಿ ಐದು ದಿನವಾದ ಹೆಣ್ಣುಕೂಸಿನ ಕಣ್ಣು, ಮೈ ಹಳದಿಗಟ್ಟಿದ್ದವು. ಅತ್ತೆ ಬರೆ ಹಾಕುವವಳನ್ನು ಕರೆಸಲು ಹೊರಟಿದ್ದರು.

"ನಿನ್ನ ಗಂಡಗೂ ಹಾಕ್ಸಿದ್ದೆ, ಏನಾತು? ಎತ್ತಿನಂಗ ದುಡೀತಾನ."

ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿವರೆಗೆ ಓದಿದ್ದ ಸೊಸೆ ಬಾಣಂತಿತನದ ನಿಶ್ಶಕ್ತಿಯಲ್ಲಿಯೂ ಎದ್ದು ಕೂತಳು. "ಬ್ಯಾಡ್ರಿ ಅತ್ತೀ. ಕೂಸಿಗೆ ಬಾಯಿಲ್ಲಂತ ಸುಡಬ್ಯಾಡ್ರಿ. ಬಳ್ಳಾರಿಗೆ ಹೋಗೂಣು."

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಮೈಸೂರಿಗೆ ಸೇರಿತು, ರಾಯದುರ್ಗ ತಾಲ್ಲೂಕು ಅನಂತಪುರಕ್ಕೆ ಸೇರಿತು. ಕಂದಾಯದ ಕಾಗದಗಳು ಅಂದಿನಿಂದ ಅನಂತಪುರದ ದಾರಿ ಹಿಡಿದವು. ಕಾಯಿಲೆಗಳು ಮಾತ್ರ ಇಂದಿಗೂ ಬಳ್ಳಾರಿಯ ಬಸ್ಸನ್ನೇ ಹತ್ತುತ್ತವೆ.

ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಗೆಂದು ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಬೇಕಾಯಿತು. ಚುಚ್ಚುವ ಮೊದಲು ದಾದಿ ಹೇಳಿದ ಮಾತು ಅತ್ತೆಯನ್ನು ಬೆರಗಾಗಿಸಿತು: ಕೂಸಿಗೆ ಎದೆ ಕೊಡು, ಕುಡಿಯುತ್ತಿರುವಾಗಲೇ ಚುಚ್ಚುತ್ತೇನೆ. ಒಂದು ಹನಿ ರಕ್ತಕ್ಕೆ ಇಷ್ಟು ಉಪಚಾರವೇ ಎಂಬುದು ಆಕೆಯ ಪ್ರಶ್ನೆ. ಆಮೇಲೆ ಕೂಸನ್ನು ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಚರ್ಮದಲ್ಲಿ ಸೇರಿಕೊಂಡ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಆ ಬೆಳಕು ದೇಹದಿಂದ ಹೊರಹೋಗಬಲ್ಲ ರೂಪಕ್ಕೆ ತಿರುಗಿಸುತ್ತದೆ. ನವಜಾತ ಶಿಶುಗಳ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುವಂಥದು; ಬರೆಗೆ ಬಂದ ಕೀರ್ತಿ ಅಲ್ಲಿಂದಲೇ ಬಂದುದು. ಇಳಿಯದೆ ಏರುತ್ತಲೇ ಹೋದರೆ ಮಿದುಳಿಗೇ ಅಪಾಯ. ಬರೆಯನ್ನು ನಂಬಿ ಕಾಯುವ ಮನೆಯಲ್ಲಿ ಆ ಅಪಾಯದ ಗಳಿಗೆ ಯಾರಿಗೂ ತಿಳಿಯದೆ ದಾಟಿಹೋಗುತ್ತದೆ.

ಅತ್ತೆಯ ಪ್ರಶ್ನೆಯನ್ನು ಹಳ್ಳಿಯ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. 1980ರ ದಶಕದ ನಡುಭಾಗದವರೆಗೂ ಪಾಶ್ಚಾತ್ಯ ದೇಶಗಳ ಹೆಸರಾಂತ ಆಸ್ಪತ್ರೆಗಳಲ್ಲಿಯೇ ಎಷ್ಟೋ ನವಜಾತ ಶಿಶುಗಳಿಗೆ ಮಿಸುಕಾಡದಂತೆ ಮಾಡುವ ಔಷಧಿ ಕೊಟ್ಟು, ನೋವುನಿವಾರಕ ಸಾಕಷ್ಟು ಕೊಡದೆ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದರು. ಎಳೆಯ ನರಗಳು ಬಲಿತಿಲ್ಲ, ಮಗುವಿಗೆ ನೆನಪಿರದು ಎಂಬ ಅದೇ ವಾದ! ಅದನ್ನು ಅಲುಗಿಸಿದವರಲ್ಲಿ ಇಂದೋರಿನಲ್ಲಿ ವೈದ್ಯಶಾಸ್ತ್ರ ಓದಿ ಆಕ್ಸ್‌ಫರ್ಡ್‌ಗೆ ಹೋದ ಕೆ.ಜೆ.ಎಸ್. ಆನಂದ್ ಪ್ರಮುಖರು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಶಸ್ತ್ರಚಿಕಿತ್ಸೆಯ ವೇಳೆ ಫೆಂಟನಿಲ್ ಎಂಬ ನೋವುನಿವಾರಕ ಕೊಟ್ಟಾಗ ದೇಹದ ತಳಮಳವೂ ನಂತರದ ತೊಡಕುಗಳೂ ಕಡಿಮೆಯಾಗುತ್ತವೆಂದು ಅವರು ಸಂಗಡಿಗರೊಡನೆ 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತೋರಿಸಿದರು.

ನೋವು ಅಲ್ಲಿಗೇ ಮುಗಿಯುವುದೂ ಇಲ್ಲ. ಚರ್ಮದಿಂದ ಹೊರಟ ನೋವಿನ ಸುದ್ದಿ ಮೊದಲು ಮುಟ್ಟುವುದು ಬೆನ್ನುಹುರಿಯನ್ನು. ದೊಡ್ಡವರಲ್ಲಿ ಮಿದುಳು ಕೆಳಕ್ಕೆ ಆಜ್ಞೆ ಕಳಿಸಿ ಆ ಸುದ್ದಿಯ ಅಬ್ಬರವನ್ನು ತಗ್ಗಿಸಬಲ್ಲದು. ಕೂಸಿನಲ್ಲಿ ಈ ಕಡಿವಾಣ ಇನ್ನೂ ಬಲಿತಿರುವುದಿಲ್ಲ. ಹಾಗಾಗಿಯೇ ಒಂದು ಬೆರಳಿಗೆ ಚುಚ್ಚಿದರೂ ಮೈಯೆಲ್ಲ ಮುದುಡುತ್ತದೆ. ಬೆನ್ನುಹುರಿಯೇ ಆಗಿನ್ನೂ ಕಟ್ಟುತ್ತಿರುವ ಮನೆ. ಪತ್ರಿಕೆಗಳಲ್ಲಿ ಸ್ಟೆಮ್ ಸೆಲ್ ಎಂದು ಓದುತ್ತೇವಲ್ಲ, ಆ ಆಕರಕೋಶಗಳ ಸಂತತಿ ಹುಟ್ಟಿದ ಮೇಲೂ ಅಲ್ಲಿ ವಿಭಜನೆಗೊಳ್ಳುತ್ತ, ನರಗಳಿಗೆ ಆಸರೆಯಾಗುವ ಕೋಶಗಳನ್ನೂ ಅವುಗಳ ಮೇಲಿನ ಹೊದಿಕೆಯನ್ನೂ ಸಿದ್ಧಪಡಿಸುತ್ತಿರುತ್ತದೆ. ಈ ಕೆಲಸ ಕುರುಡಾಗಿ ನಡೆಯುವುದಿಲ್ಲ. ನರಗಳು ಎಷ್ಟು ಮಿಡಿಯುತ್ತವೆ, ಪೆಟ್ಟು ಎಲ್ಲಿ ಬಿತ್ತು ಎಂಬುದಕ್ಕೆ ಈ ಕೋಶಗಳು ಓಗೊಡುತ್ತವೆ. ಕಟ್ಟುವ ಹೊತ್ತಿನಲ್ಲಿ ಬಿದ್ದ ಪೆಟ್ಟು ಕಟ್ಟಡದೊಳಗೇ ಸೇರಿಕೊಳ್ಳುವುದು ಹೀಗೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮರಿಯಾ ಫಿಟ್ಜ್‌ಜೆರಾಲ್ಡ್ ಮತ್ತು ಸಂಗಡಿಗರು ಎಳೆಯ ಇಲಿಮರಿಗಳ ಪಾದಕ್ಕೆ ಸಣ್ಣ ಗಾಯ ಮಾಡಿ ನೋಡಿದರು. ಗಾಯ ಮಾಯಿತು, ಮರಿ ಬೆಳೆಯಿತು. ದೊಡ್ಡದಾದ ಮೇಲೆ ಅದೇ ಪಾದಕ್ಕೆ ಮತ್ತೆ ಗಾಯವಾದಾಗ ಅದು ಉಳಿದ ಇಲಿಗಳಿಗಿಂತ ಹೆಚ್ಚು ನೊಂದುಕೊಂಡಿತು. ಬೆನ್ನುಹುರಿಯ ಕಾವಲಿಗಿರುವ ಮೈಕ್ರೋಗ್ಲಿಯಾ ಎಂಬ ಕೋಶಗಳು ಮೊದಲ ಗಾಯದಿಂದಲೇ ಕೆರಳಲು ಅಣಿಯಾಗಿ ಕೂತಿದ್ದವು. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೆ: ಮೊದಲ ಗಾಯದ ಹೊತ್ತಿನಲ್ಲಿ ಆ ಕಾಲಿನ ನರವನ್ನು ಮರಗಟ್ಟಿಸಿ ನೋವಿನ ಸುದ್ದಿಯನ್ನು ತಡೆದಿದ್ದ ಮರಿಗಳಲ್ಲಿ ಈ ಬದಲಾವಣೆ ಕಾಣಲಿಲ್ಲ. ಗಾಯ ಎರಡರಲ್ಲೂ ಒಂದೇ. ದಾದಿಯ ಉಪಚಾರಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಮನುಷ್ಯರ ಮಕ್ಕಳ ಮೇಲಿನ ಸಾಕ್ಷ್ಯವೂ ಇದೆ. ಕೆನಡಾದ ಅನಾ ಟ್ಯಾಡಿಯೊ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದಂತೆ, ಹುಟ್ಟಿದ ಹೊಸತರಲ್ಲಿ ನೋವುನಿವಾರಕವಿಲ್ಲದೆ ಸುನ್ನತಿಯಾದ ಗಂಡುಮಕ್ಕಳು ನಾಲ್ಕರಿಂದ ಆರು ತಿಂಗಳ ಲಸಿಕೆಯ ವೇಳೆ ಉಳಿದವರಿಗಿಂತ ಹೆಚ್ಚು ಅತ್ತರು. ನೋವು ತಗ್ಗಿಸುವ ಮುಲಾಮು ಹಚ್ಚಿದ್ದವರ ಅಳು ಅಷ್ಟಿರಲಿಲ್ಲ.

ಮಾತನಾಡಲಾರದ ಸಾಕ್ಷಿ ತೆರೆದ ನ್ಯಾಯಾಲಯದಲ್ಲಿ ಸನ್ನೆಯ ಮೂಲಕ ಸಾಕ್ಷ್ಯ ನುಡಿಯಬಹುದೆಂದು ನಮ್ಮ ಸಾಕ್ಷ್ಯ ಕಾನೂನು 1872ರಿಂದಲೂ ಒಪ್ಪಿದೆ. ಕೂಸಿನ ಅಳುವನ್ನು, ಸೆಳೆದುಕೊಳ್ಳುವ ಕಾಲನ್ನು ಸಾಕ್ಷ್ಯವೆಂದು ವೈದ್ಯಲೋಕ ಒಪ್ಪಲು ಅದಾದ ಮೇಲೂ ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು. 2015ರ ಬಾಲನ್ಯಾಯ ಕಾಯಿದೆಯ 75ನೇ ಕಲಮಿನ ಪ್ರಕಾರ ತನ್ನ ವಶದಲ್ಲಿರುವ ಮಗುವಿಗೆ ಅನಗತ್ಯ ಯಾತನೆಯಾಗುವಂತೆ ಹಲ್ಲೆ ಮಾಡುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಆದರೆ ಬರೆ ಹಾಕಿಸುವ ಅಜ್ಜಿ ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ ಹಾಕಿಸುತ್ತಾಳೆ. ಅಂಥ ಮನೆಗೆ ಪೊಲೀಸರಿಗಿಂತ ಮೊದಲು ಸೊಸೆಯ ಒಂದು ಮಾತು, ಆಶಾ ಕಾರ್ಯಕರ್ತೆಯ ಒಂದು ಭೇಟಿ ತಲುಪಬೇಕು.

ಆರು, ಹತ್ತು, ಹದಿನಾಲ್ಕನೆಯ ವಾರಗಳ ಲಸಿಕೆ ಯಾವ ಮಗುವಿಗೂ ತಪ್ಪುವಂತಿಲ್ಲ, ತಪ್ಪಿಸಲೂಬಾರದು. ಸೂಜಿಯ ನೋವು ತಗ್ಗಿಸುವ ದಾರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿಯೇ ಹೇಳಿದೆ, ಅದಕ್ಕೆ ಕಾಸಿನ ಖರ್ಚೂ ಇಲ್ಲ. ಮಗು ತಾಯಿಯ ತೋಳಿನಲ್ಲಿರಲಿ. ಚುಚ್ಚುವ ಮುನ್ನವೇ ಎದೆಹಾಲು ಕುಡಿಯಲು ತೊಡಗಿರಲಿ. ಒಂದಕ್ಕಿಂತ ಹೆಚ್ಚು ಸೂಜಿಗಳಿದ್ದರೆ ಹೆಚ್ಚು ನೋಯುವುದು ಕೊನೆಗಿರಲಿ. ಲಸಿಕೆ ಹಾಕಲು ಬಂದ ಸಿಸ್ಟರ್ ಅವಸರದಲ್ಲಿದ್ದರೆ, ಒಂದು ನಿಮಿಷ ತಡೆಯಿರಿ ಎಂದು ಕೇಳಿಕೊಳ್ಳಲು ತಾಯಿ ಸಂಕೋಚಪಡಬೇಕಾಗಿಲ್ಲ.