ಐದೂವರೆ ಗುಂಟೆಗೊಂದು ಅಂಕಿ

ಅಕ್ಟೋಬರ್ ತಿಂಗಳ ಬೆಳಿಗ್ಗೆ, ಹತ್ತೂವರೆಯ ಆಸುಪಾಸು. ಮೋಡವಿಲ್ಲ. ನೀವು ರಿಸೋರ್ಸ್‌ಸ್ಯಾಟ್-2 ಉಪಗ್ರಹದ ಜೊತೆ 817 ಕಿ.ಮೀ. ಎತ್ತರದಲ್ಲಿದ್ದೀರಿ. 2011ರ ಏಪ್ರಿಲ್ 20ರಂದು ಶ್ರೀಹರಿಕೋಟದಿಂದ ಹಾರಿದ ಇಸ್ರೋ ಉಪಗ್ರಹವಿದು. ಬೀದರ್ ಈಗಷ್ಟೇ ಕಾಲಡಿ ದಾಟಿತು. ಸೆಕೆಂಡಿಗೆ ಆರೂವರೆ ಕಿ.ಮೀ. ನೆಲ ಹಿಂದೆ ಸರಿಯುತ್ತಿದೆ. ಕೊಡಗು ತಲುಪಲು ಎರಡು ನಿಮಿಷವೂ ಬೇಡ.

ಲಿಸ್-3 ಕ್ಯಾಮೆರಾದ ಹತ್ತಿರ ಬನ್ನಿ. ಕ್ಲಿಕ್ ಎನ್ನುವ ಶಟರ್ ಇಲ್ಲಿಲ್ಲ. ಹಸಿರು ಬೆಳಕಿಗೊಂದು, ಕೆಂಪಿಗೊಂದು, ಕಣ್ಣಿಗೆ ಕಾಣದ ಅವಕೆಂಪಿಗೆ ಎರಡು ಹೀಗೆ ನಾಲ್ಕು ಮಸೂರ ವ್ಯವಸ್ಥೆಗಳು. ಪ್ರತಿಯೊಂದರ ಹಿಂದೆ ಒಂದೇ ಸಾಲಿನಲ್ಲಿ 6,000 ಸಂವೇದಕಗಳು. ಆ ಸಾಲಿಗೆ ಕಾಣುವುದು 140 ಕಿ.ಮೀ. ಅಗಲದ ಒಂದೇ ಗೆರೆ. ಅಂಗಳಕ್ಕೆ ಅಡ್ಡಲಾಗಿ ಹಿಡಿದ ಪೊರಕೆಯನ್ನು ಮುಂದಕ್ಕೆ ತಳ್ಳಿಕೊಂಡು ಹೋದಂತೆ, ಉಪಗ್ರಹದ ಓಟವೇ ಗೆರೆಗೆ ಗೆರೆ ಸೇರಿಸಿ ಚಿತ್ರ ಮಾಡುತ್ತದೆ. ಸೆಕೆಂಡಿಗೆ ಸುಮಾರು 280 ಗೆರೆ.

ಇದೋ, ಗಂಗಾವತಿಯ ಭತ್ತದ ಗದ್ದೆಗಳು. ಒಂದೇ ಒಂದು ಸಂವೇದಕದ ಮೇಲೆ ಕಣ್ಣಿಡಿ. ಅದರ ಪಾಲಿನ ನೆಲ 23.5 ಮೀಟರ್ ಚೌಕ, ಹೆಚ್ಚುಕಡಿಮೆ ಐದೂವರೆ ಗುಂಟೆ. ಪೈರು, ಬದು, ಬದುವಿನ ತೆಂಗು, ಅಲ್ಲೇ ಮೇಯುವ ಎಮ್ಮೆ ಎಲ್ಲ ಸೇರಿ ಒಂದೇ ಬೆಳಕು. ಮೂರೂವರೆ ಮಿಲಿಸೆಕೆಂಡು ಆ ಬೆಳಕು ಎಲೆಕ್ಟ್ರಾನ್‌ಗಳನ್ನು ಗುಡ್ಡೆ ಹಾಕುತ್ತದೆ. ಗುಡ್ಡೆಯ ಅಳತೆ 0ಯಿಂದ 1023ರೊಳಗಿನ ಒಂದು ಅಂಕಿಯಾಗುತ್ತದೆ. ಗುಡ್ಡೆ ಖಾಲಿ, ಮುಂದಿನ ಐದೂವರೆ ಗುಂಟೆ ಶುರು.

ಹಸಿರೆಲೆ ಕೆಂಪು ಬೆಳಕನ್ನು ನುಂಗಿ ಅವಕೆಂಪನ್ನು ಧಾರಾಳವಾಗಿ ಹಿಂದಿರುಗಿಸುತ್ತದೆ. ಹಾಗಾಗಿ ಅವಕೆಂಪಿನ ಸಾಲಿನಲ್ಲಿ ಅಂಕಿ ಮೇಲೆ ಜಿಗಿದಿದೆ. ಅಷ್ಟರಲ್ಲಿ ತುಂಗಭದ್ರಾ ಜಲಾಶಯ ಬಂತು. ನೀರು ಅವಕೆಂಪನ್ನು ಹೀರಿಬಿಡುತ್ತದೆ, ಅಂಕಿ ಪಾತಾಳಕ್ಕೆ.

ಈ ಅಂಕಿಗಳು ರೇಡಿಯೊ ಅಲೆಗಳಾಗಿ ಹೈದರಾಬಾದ್ ಬಳಿಯ ಶಾದ್‌ನಗರದ ಆಂಟೆನಾ ಮುಟ್ಟುತ್ತವೆ. 6,000 ಸಂವೇದಕಗಳ ಚುರುಕು ಒಂದೇ ಸಮ ಇರುವುದಿಲ್ಲ. ಆ ಏರುಪೇರು ಸರಿಪಡಿಸದಿದ್ದರೆ ಚಿತ್ರದುದ್ದಕ್ಕೂ ಪಟ್ಟೆ ಬೀಳುತ್ತದೆ. ಆ ತಿದ್ದುಪಡಿ ಮುಗಿದ ಮೇಲೆ ಅವಕೆಂಪಿನ ಅಂಕಿಗಳಿಗೆ ಪರದೆಯ ಮೇಲೆ ಕೆಂಪು ಬಣ್ಣ ಕೊಡುತ್ತಾರೆ. ಗಂಗಾವತಿಯ ಹಸಿರೆಲ್ಲ ರಕ್ತಗೆಂಪು, ಜಲಾಶಯ ಕಡುನೀಲಿ.

ಕೆಆರ್‌ಎಸ್ ಆಯಿತು, ಕೊಡಗೂ ಆಯಿತು. ಉಪಗ್ರಹ ಇದೇ ದಾರಿಗೆ ಮರಳುವುದು 24 ದಿನಗಳ ಬಳಿಕ. ಆಗ ಅದೇ ಗದ್ದೆಯಲ್ಲಿ ಅವಕೆಂಪಿನ ಅಂಕಿ ಇಳಿದು ಕೆಂಪಿನದು ಏರಿದ್ದರೆ, ಭತ್ತ ಮಾಗುತ್ತಿದೆ ಎಂದು ಲೆಕ್ಕ. ಬೆಳೆ ಅಂದಾಜು ಮಾಡುವವರಿಗೆ ಒಂದು ಚಿತ್ರ ಎಷ್ಟು ಚೆನ್ನಾಗಿದ್ದರೂ ಸಾಲದು. ಎರಡು ಚಿತ್ರಗಳ ನಡುವಿನ ಈ ವ್ಯತ್ಯಾಸವೇ ಅವರಿಗೆ ಬೇಕಾದ್ದು.