ಘಟ್ಟವನ್ನೇರಿದ ದೈವಗಳು

ಮೂಡಿಗೆರೆಯಿಂದ ಕಳಸದತ್ತ ಸಾಗುವ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವುದು ಕಾಫಿಯ ಹಸಿರು. ಬಳಿಕ ಕೂಲಿಕಾರರ ಲೈನು ಮನೆಗಳು. ಅವುಗಳಾಚೆ, ಮರದ ಬುಡದಲ್ಲಿ, ಕುಂಕುಮ ಹಚ್ಚಿದ ಕಲ್ಲೊಂದಿದ್ದರೆ ಅದನ್ನು ಕಡೆಗಣಿಸಬಾರದು. ಹಿಂದೆ ಮಳೆಗಾಲ ಕಳೆಯುತ್ತಲೇ ಮೇಸ್ತ್ರಿಯಿಂದ ಮುಂಗಡ ಪಡೆದು ಚಾರ್ಮಾಡಿ ಘಟ್ಟವನ್ನೇರಿ ಬಂದ ತುಳುವರು ತಮ್ಮೊಡನೆ ಪಂಜುರ್ಲಿ, ಗುಳಿಗರನ್ನೂ ಕರೆತಂದರು. ತಮಿಳು ಸಂಸಾರಗಳೊಡನೆ ಮಾರಿಯಮ್ಮ ಬಂದಳು. ಪಂಜುರ್ಲಿಯೆಂದರೆ ಹಂದಿಯ ರೂಪದ ದೈವ. ಬೆಳೆಯ ಕಾವಲು ಅದರ ಹೊಣೆ. ಗದ್ದೆಯ ಕಾವಲುಗಾರನಿಗೆ ಇಲ್ಲಿ ದೊರೆತದ್ದು ಧಣಿಯ ತೋಟ! 1951ರ ತೋಟ ಕಾರ್ಮಿಕರ ಕಾಯಿದೆಯು ವಸತಿ, ಕುಡಿಯುವ ನೀರು, ಶಿಶುವಿಹಾರಗಳ ಮಾತನ್ನಾಡಿತು. ದೈವಕ್ಕೆ ಜಾಗವನ್ನು ಕೂಲಿಕಾರರೇ ಹುಡುಕಿಕೊಂಡರು.

ಈಗ ಹಣ್ಣು ಬಿಡಿಸಲು ದೂರದ ಅಸ್ಸಾಮಿನಿಂದಲೂ ಜನ ಬರುತ್ತಾರೆ. ಅವರಲ್ಲಿ ಅನೇಕರು ಮುಸಲ್ಮಾನರು. ಕೊಯ್ಲಿನ ಕೂಲಿ ಸಾಮಾನ್ಯವಾಗಿ ಕಿಲೋ ಲೆಕ್ಕದ್ದು. ಶುಕ್ರವಾರದ ನಮಾಜಿಗೆಂದು ಪೇಟೆಯ ಮಸೀದಿಗೆ ನಡೆದರೆ ಸಂಜೆಯ ತಕ್ಕಡಿಯಲ್ಲಿ ಅಷ್ಟು ತೂಕ ಕಡಿಮೆಯಾಯಿತೆಂದೇ ಅರ್ಥ. ರಂಜಾನ್ ತಿಂಗಳಂತೂ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತ, 2028ರಲ್ಲಿ ಜನವರಿಯ ಕೊನೆಗೆ, ಎಂದರೆ ರೋಬಸ್ಟಾ ಕೊಯ್ಲಿನ ನಡುವೆಯೇ ಆರಂಭವಾಗಲಿದೆ. ಹಗಲೆಲ್ಲ ಹನಿ ನೀರನ್ನೂ ಮುಟ್ಟದೆ ಇಳಿಜಾರಿನಲ್ಲಿ ಹಣ್ಣಿನ ಮೂಟೆ ಹೊರಬೇಕಾದ ದಿನಗಳು ಅವು.