ಆಕ್ಸಿಲರೇಟರ್ ಒತ್ತಿದರೆ ಗಾಡಿ ಹೋಗುತ್ತಾ?

ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವರ ಕಥೆ ನಿಮಗೆ ಹೊಸದಲ್ಲ. ನಾನೂ ಅದೇ ಗುಂಪಿನವನು. ನಾಲ್ಕು ವರ್ಷ ಉರು ಹೊಡೆದ ಥರ್ಮೊಡೈನಮಿಕ್ಸ್ ಜೀವನದಲ್ಲಿ ಒಂದೇ ಒಂದು ಸಲ ಉಪಯೋಗಕ್ಕೆ ಬಂತು. ಅದೂ ತಡವಾಗಿ, ಗಾಡಿ ನಿಂತ ಮೇಲೆ :-)

2024ರ ಸೆಪ್ಟೆಂಬರ್. ಕಾಲೇಜಿನ ಗೆಳೆಯರು ಮೂವರು ಮನಾಲಿಯಿಂದ ಲೇಹ್‌ಗೆ ಹೊರಟಿದ್ದೆವು. ಗಾಡಿ ಒಬ್ಬನದು. ಆಗಷ್ಟೇ ದೆಹಲಿ ಕಡೆಗೆ ಕೆಲಸಕ್ಕೆ ಹೋಗಿದ್ದ, ಜೊತೆಗೆ ತನ್ನ ಏಳು ವರ್ಷದ ಟರ್ಬೋ ಡೀಸೆಲ್ ಗಾಡಿಯನ್ನೂ ಒಯ್ದಿದ್ದ. ಅವನನ್ನು ಓನರ್ ಅಂತಲೇ ಕರೆಯೋಣ. ಇನ್ನೊಬ್ಬ ದಿನಾ ಬೆಳಿಗ್ಗೆ ಒಂದೂವರೆ ಗಂಟೆ ಬೆವರು ಸುರಿಸುವವನು, ನಮ್ಮ ಪಾಲಿಗೆ ಜಿಮ್ಮಣ್ಣ. ಪ್ಲಾನ್ ಪೂರ್ತಿ ನನ್ನದು. ರಜೆ ಕಮ್ಮಿ ಇತ್ತು, ಅದಕ್ಕೆ ದಾರಿಯಲ್ಲಿ ಎರಡು ರಾತ್ರಿ ಉಳಿಯಬೇಕಾದಲ್ಲಿ ಒಂದೇ ರಾತ್ರಿ ಅಂತ ಎಕ್ಸೆಲ್ ಶೀಟಿನಲ್ಲಿ ಒಂದು ಸಾಲು ಡಿಲೀಟ್ ಮಾಡಿದ್ದೆ. ಎಷ್ಟು ಸುಲಭ ನೋಡಿ!

ಬೆಳಗಿನ ಜಾವ ನಾಲ್ಕಕ್ಕೆ ಸುಮಾರು 2,050 ಮೀಟರ್ ಎತ್ತರದ ಮನಾಲಿ ಬಿಟ್ಟು, ಅಟಲ್ ಸುರಂಗ ದಾಟಿ, ಬಾರಾಲಾಚಾ ಲಾ ಹತ್ತಿ ಇಳಿದು, ಸಂಜೆ ಪಾಂಗ್ ಎಂಬ ಟೆಂಟುಗಳ ಊರಿಗೆ ಬಂದೆವು. ಅದು ಸುಮಾರು 4,600 ಮೀಟರ್. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್ ಅಂದ್ರೆ ಲೆಕ್ಕ ಹಾಕಿ. ಹೀಗೆ ಒಂದೇ ದಿನದಲ್ಲಿ ಏರಿ ಅಲ್ಲೇ ಮಲಗಬಾರದು ಅಂತ ಎಲ್ಲರೂ ಹೇಳ್ತಾರೆ. ನಾನೂ ಓದಿದ್ದೆ. ಜಿಮ್ಮಣ್ಣನಂಥ ಗಟ್ಟಿ ಆಳಿಗೆ ಏನಾಗುತ್ತೆ ಅಂದುಕೊಂಡಿದ್ದೆ.

ರಾತ್ರಿ ಹನ್ನೊಂದಕ್ಕೆ ಅವನಿಗೆ ತಲೆನೋವು ಶುರುವಾಯ್ತು. ಆಮೇಲೆ ವಾಂತಿ. ಎರಡು ಗಂಟೆಗೆ ಮಾತು ತೊದಲತೊಡಗಿದಾಗ ನಮ್ಮಿಬ್ಬರ ಜೀವ ಬಾಯಿಗೆ ಬಂತು. ಅಲ್ಲೇ ಇರುವ ಸೇನೆಯ ಶಿಬಿರಕ್ಕೆ ಎತ್ತಿಕೊಂಡು ಹೋದಂತೆ ಕರೆದೊಯ್ದೆವು. ಆಕ್ಸಿಜನ್ ಕೊಟ್ಟರು. ಬೆಳಗಿನ ಹೊತ್ತಿಗೆ ಸ್ವಲ್ಪ ಸುಧಾರಿಸಿದ. ಅಲ್ಲಿದ್ದವರು ಹೇಳಿದ್ದು ಇಷ್ಟೇ: ಕೆಳಗೆ ಇಳಿಸಿ, ಲೇಹ್ ಆಸ್ಪತ್ರೆಗೆ ಕರೆದೊಯ್ಯಿರಿ, ಮೇಲೆ ಎಲ್ಲೂ ನಿಲ್ಲಬೇಡಿ.

ತಮಾಷೆ ಏನು ಗೊತ್ತಾ? ಪಾಂಗ್‌ನಿಂದ ಇಳಿಯಬೇಕಂದ್ರೆ ಮೊದಲು ಹತ್ತಬೇಕು. ಹಿಂದೆ ಲಾಚುಂಗ್ ಲಾ, ಮುಂದೆ 5,328 ಮೀಟರಿನ ಟಂಗ್ಲಂಗ್ ಲಾ. ಗಾಡಿ ಕೈಕೊಟ್ಟರೆ ಗೆಳೆಯ ಅಲ್ಲೇ.

ಆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗೋದಕ್ಕೇ ಸತಾಯಿಸಿತು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಅದುಮುತ್ತೆ, ಗಾಳಿ ಕಾಯುತ್ತೆ, ಅದರೊಳಗೆ ಡೀಸೆಲ್ ಚಿಮ್ಮಿದರೆ ತಾನಾಗಿ ಹೊತ್ತಿಕೊಳ್ಳುತ್ತೆ. ಗಾಳಿ ತೆಳುವಾಗಿ, ಮೇಲಿಂದ ಕೊರೆಯುವ ಚಳಿಯೂ ಇದ್ದರೆ ಹೊತ್ತಿಕೊಳ್ಳೋದು ತಡ. ಅರ್ಧ ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಹೊರಗೆ ಬರುತ್ತೆ. (ನಟ್ಟ ಚಳಿಗಾಲದಲ್ಲಿ ಇನ್ನೂ ಕಷ್ಟ, ಡೀಸೆಲ್ಲೇ ಹೆಪ್ಪುಗಟ್ಟುತ್ತೆ. ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ಲಡಾಖಿಗೆ ಬಂದದ್ದು 2019ರಲ್ಲಿ.) ಗ್ಲೋ ಪ್ಲಗ್ ಎರಡು ಸಲ ಕಾಯಿಸಿದ ಮೇಲೆ ಕೆಮ್ಮಿಕೊಂಡು ಎದ್ದಿತು.

ಮೋರೆ ಬಯಲಿನ ಸುಮಾರು ನಲವತ್ತು ಕಿಲೋಮೀಟರ್ ಸಪಾಟು ರಸ್ತೆ. ಅಲ್ಲಿ ಏನೂ ಗೊತ್ತಾಗಲಿಲ್ಲ, ಗಾಡಿ ಬೆಂಗಳೂರಿನ ನೈಸ್ ರೋಡಿನಲ್ಲಿದ್ದ ಹಾಗೇ ಓಡಿತು. ಓನರಿಗೂ ತಲೆ ಸಿಡಿಯುತ್ತಿದ್ದುದರಿಂದ ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು. ಟಂಗ್ಲಂಗ್ ಲಾ ಏರು ಶುರುವಾಯ್ತು. ಒಂದು ಹೇರ್‌ಪಿನ್ ತಿರುವಿನಲ್ಲಿ ಎದುರಿಂದ ಸೇನೆಯ ಲಾರಿಗಳ ಸಾಲು. ನಿಲ್ಲಿಸಿದೆ. ಸಾಲು ಹೋಯ್ತು. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟೆ. ಆಫ್! ಮತ್ತೆ ಸ್ಟಾರ್ಟ್, ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಗೊರ್ ಅಂತ ಒಂದು ಸದ್ದು, ಮತ್ತೆ ಆಫ್. ಮೂರನೇ ಸಲಕ್ಕೆ ಕ್ಲಚ್ ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಹಿಂದಿನ ಸೀಟಿನಲ್ಲಿ ಜಿಮ್ಮಣ್ಣ ಕಣ್ಣು ಮುಚ್ಚಿಕೊಂಡೇ "ಏನಾಯ್ತೋ?" ಅಂದ. ಏನು ಹೇಳಲಿ?

ಆಗ ನೆನಪಾಯ್ತು ನೋಡಿ, ಥರ್ಮೊಡೈನಮಿಕ್ಸ್. ಒಂದು ಕೆಜಿ ಡೀಸೆಲ್ ಸರಿಯಾಗಿ ಉರಿಯೋಕೆ ಕಮ್ಮಿ ಅಂದ್ರೂ ಹದಿನಾಲ್ಕೂವರೆ ಕೆಜಿ ಗಾಳಿ ಬೇಕು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಆಕ್ಸಿಜನ್ನಿನ ಪ್ರಮಾಣ ಅದೇ 21 ಪರ್ಸೆಂಟ್, ಆದರೆ ಒಂದೊಂದು ಉಸಿರಿಗೆ ಸಿಗುವ ಗಾಳಿಯೇ ಅರ್ಧ. ಟ್ಯಾಂಕ್ ತುಂಬಾ ಡೀಸೆಲ್ ಇದ್ದು ಏನು ಬಂತು? ಟರ್ಬೋ ಇಲ್ಲದ ಎಂಜಿನ್ ಪ್ರತಿ 300 ಮೀಟರಿಗೆ ಸುಮಾರು ಮೂರು ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತೆ ಅನ್ನೋದು ಮಾಮೂಲಿ ಲೆಕ್ಕ.

ನಮ್ಮದು ಟರ್ಬೋ ಅಲ್ವಾ ಅಂತ ನಾನು ಬೀಗಿದ್ದೆ. ಪಾಂಗ್‌ನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತೆ, ಬರೀ ಪಾತ್ರೆಯಲ್ಲಿ ಅನ್ನ ಬೇಯಲ್ಲ. ಢಾಬಾದವರು ಕುಕ್ಕರ್ ಇಡುತ್ತಾರೆ. ಹೊರಗೆ ಒತ್ತಡ ಇಲ್ಲದಿದ್ದರೆ ಒಳಗೆ ಮಾಡಿಕೋ! ಟರ್ಬೋನೂ ಹಾಗೇ, ತೆಳು ಗಾಳಿಯನ್ನು ಅದುಮಿ ಎಂಜಿನ್ನಿಗೆ ತುಂಬುತ್ತೆ. 1918ರಲ್ಲೇ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ಮೇಲೆ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ ವಿಮಾನದ ಎಂಜಿನ್ನಿಗೆ ಟರ್ಬೋ ಜೋಡಿಸಿ, ಕಳೆದುಹೋದ ಶಕ್ತಿಯನ್ನು ವಾಪಸ್ ತಂದು ತೋರಿಸಿದ್ದ.

ಆದರೆ ಒಂದು ಕೊಕ್ಕೆ ಇದೆ. ಟರ್ಬೋ ತಿರುಗೋದು ಎಂಜಿನ್ ಬಿಡುವ ಹೊಗೆಯ ರಭಸದಿಂದ. ಎಂಜಿನ್ ನಿಧಾನವಾಗಿದ್ದಾಗ ಹೊಗೆಯೂ ಕಮ್ಮಿ, ಟರ್ಬೋ ಮಲಗಿರುತ್ತೆ. ಕೆಳಗಿನ ಊರುಗಳಲ್ಲಿ ಟರ್ಬೋ ಏಳುವ ತನಕ ದೂಡೋಕೆ ಸಾಮಾನ್ಯ ಗಾಳಿಯೇ ಸಾಕು. ಇಲ್ಲಿ ಅದೂ ಇಲ್ಲ. ಅಂದ್ರೆ ಓಡುವಾಗ ಹುಲಿ, ಏರಿನಲ್ಲಿ ನಿಂತು ಹೊರಡುವಾಗ ಇಲಿ. ಇನ್ನು ಆಕ್ಸಿಲರೇಟರ್? ಹಳೇ ಲಾರಿಯಾದರೆ ಒತ್ತಿದಷ್ಟೂ ಡೀಸೆಲ್ ಸುರಿದು ಕಪ್ಪು ಹೊಗೆ ಕಾರುತ್ತೆ. ಈಗಿನ ಗಾಡಿಯಲ್ಲಿ ಕಂಪ್ಯೂಟರ್ ಕೂತಿರುತ್ತೆ. ಗಾಳಿ ಎಷ್ಟಿದೆ ಅಂತ ಅಳೆದು ಅಷ್ಟಕ್ಕೆ ತಕ್ಕ ಡೀಸೆಲ್ ಮಾತ್ರ ಬಿಡುತ್ತೆ. ನಾನು ಕಾಲಲ್ಲಿ ಕಳಿಸುತ್ತಿದ್ದುದು ಬರೀ ರಿಕ್ವೆಸ್ಟು, ಅಪ್ರೂವಲ್ ಕೊಡುವವನು ಬೇರೆ. ಆಫೀಸಿನಲ್ಲಿ ಜನ ಕೊಡದೆ ಡೆಡ್‌ಲೈನ್ ಹಿಂದಕ್ಕೆಳೆಯುವ ಮ್ಯಾನೇಜರ್‌ನನ್ನು ಎಷ್ಟು ಬೈದಿದ್ದೆನೋ!

ಇದೆಲ್ಲ ತಲೆಯಲ್ಲಿ ಓಡಿತೇ ಹೊರತು ಗಾಡಿ ಓಡಲಿಲ್ಲ. ಓಡಿಸಿದ್ದು ಹಿಂದಿದ್ದ ಲಾರಿಯ ಡ್ರೈವರ್. ಇಳಿದು ಬಂದು, ಹಿಂದಿನ ಸೀಟು ನೋಡಿ, ಮೊದಲು ಚಕ್ರಕ್ಕೆ ಕಲ್ಲು ಕೊಟ್ಟ. "ರೇಸ್ ಪೆಹಲೇ, ಕ್ಲಚ್ ಬಾದ್ ಮೇ" ಅಂದ. ಎಸಿ ಆಫ್ ಮಾಡಿಸಿದ. ತಿರುವಿನ ಒಳಗಿನ ಅಂಚು ಕಡಿದು, ಅಲ್ಲಿ ಹೋಗಬೇಡ, ಹೊರಗಿನಿಂದ ಬಳಸಿ ಹೋಗು ಅಂತ ಕೈಯಲ್ಲಿ ಗೆರೆ ಎಳೆದು ತೋರಿಸಿದ. ಭಾರ ಕಮ್ಮಿಯಾಗಲಿ ಅಂತ ಓನರನ್ನು ಇಳಿಸಿ ತನ್ನ ಲಾರಿಗೆ ಹತ್ತಿಸಿಕೊಂಡ. ಒಂದಿಷ್ಟು ಹಿಂದೆ ಸರಿದು, ಎಂಜಿನ್ 2,500ರಲ್ಲಿ ತಿರುಗುವವರೆಗೆ ಕಾದು, ಕ್ಲಚ್ಚನ್ನು ನಿಧಾನವಾಗಿ ಬಿಟ್ಟೆ. ಗಾಡಿ ಒಮ್ಮೆ ನಡುಗಿತು. ಹೊರಟಿತು.

ಆಮೇಲೆ ಫಸ್ಟ್ ಗೇರಿನಲ್ಲೇ, ಎಲ್ಲೂ ನಿಲ್ಲದೆ, ಜನ ನಡೆಯುವ ವೇಗಕ್ಕಿಂತ ಸ್ವಲ್ಪ ಜಾಸ್ತಿ. ಮೇಲಿನ ಬೋರ್ಡು ಬಂತು, ಫೋಟೋ ತೆಗೆಯಲಿಲ್ಲ. ಓನರ್ ಲಾರಿಯಲ್ಲಿ ಹಿಂದೆ ಬಂದು ಇಳಿಜಾರಿನಲ್ಲಿ ಸೇರಿಕೊಂಡ. ಆ ಡ್ರೈವರಿಗೆ ಸರಿಯಾಗಿ ಥ್ಯಾಂಕ್ಸ್ ಹೇಳೋಕೂ ಆಗಲಿಲ್ಲ, ಅವನು ಕೈ ಬೀಸಿ ಹೊರಟೇಬಿಟ್ಟ.

ಉಪ್ಶಿ ತಲುಪುವಾಗ ಸಿಂಧೂ ನದಿ ಕಂಡಿತು. ಹಿಂದಿನ ಸೀಟಿನಿಂದ "ಟೀ ಸಿಗುತ್ತಾ?" ಅಂತ ದನಿ ಬಂತು. ನಾನು ಉತ್ತರ ಕೊಡಲಿಲ್ಲ. ಗಂಟಲು ಕಟ್ಟಿತ್ತು.

ಲೇಹ್ ಆಸ್ಪತ್ರೆಯಲ್ಲಿ ಒಂದು ರಾತ್ರಿ ಇದ್ದು ಅವನು ಸರಿಹೋದ. ಗಾಡಿಯ ತಾಪತ್ರಯ, ಅವನ ತಾಪತ್ರಯ ಎರಡೂ ಒಂದೇ ಅಂತ ನನಗೆ ಹೊಳೆದದ್ದು ಆ ರಾತ್ರಿ ವಾರ್ಡಿನ ಬೆಂಚಿನ ಮೇಲೆ. ಇಬ್ಬರಲ್ಲೂ ಶಕ್ತಿಗೆ ಕೊರತೆ ಇರಲಿಲ್ಲ, ಗಾಳಿ ಇರಲಿಲ್ಲ. ನಾನು ಇಬ್ಬರನ್ನೂ ಒತ್ತಿದೆ. ಕ್ಲಚ್ ಹಾಳಾದರೆ ಹೊಸದು ಹಾಕಿಸಬಹುದು, ಹಾಕಿಸಿದೆವು ಕೂಡ, ನನ್ನ ಖರ್ಚಿನಲ್ಲಿ.

ಜಿಮ್ಮಣ್ಣ ಈಗಲೂ ನಮ್ಮ ಜೊತೆ ಟ್ರಿಪ್ಪಿಗೆ ಬರುತ್ತಾನೆ. ಎಕ್ಸೆಲ್ ಶೀಟ್ ಮಾತ್ರ ಅವನ ಹತ್ತಿರವೇ ಇರುತ್ತೆ. ಅದರಲ್ಲಿ ನನಗೆ ಓದೋಕಷ್ಟೇ ಪರ್ಮಿಷನ್ :-)